ಬೆವರಿನ ಲೆಕ್ಕ ಸಿಕ್ಕ ಬಗೆ

ಅಮೆರಿಕದ ಕನೆಕ್ಟಿಕಟ್ ರಾಜ್ಯದಲ್ಲಿ ಮಿಡಲ್‌ಟೌನ್ ಎಂಬ ಊರಿದೆ. 1890ರ ದಶಕದಲ್ಲಿ ಅಲ್ಲಿನ ವೆಸ್ಲಿಯನ್ ವಿಶ್ವವಿದ್ಯಾಲಯದ ಜಡ್ ಹಾಲ್ ಕಟ್ಟಡದ ನೆಲಮಾಳಿಗೆಯಲ್ಲಿ ಒಂದು ಕೋಣೆ ಸಿದ್ಧವಾಯಿತು. ಕೋಣೆ ಅನ್ನುವುದಕ್ಕಿಂತ ಪೆಟ್ಟಿಗೆ ಅಂದರೇ ಸರಿ. ಉದ್ದ ಸುಮಾರು ಏಳು ಅಡಿ, ಅಗಲ ನಾಲ್ಕಡಿ, ಎತ್ತರ ಆರೂವರೆ ಅಡಿಯ ಹತ್ತಿರ. ಒಳಗೋಡೆ ತಾಮ್ರದ್ದು, ಅದರಾಚೆಗೆ ಸತುವಿನದು, ಅದಕ್ಕೂ ಆಚೆಗೆ ಮರದ ಪದರಗಳು. ಒಳಗೆ ಮಡಚುವ ಮಂಚ, ಕುರ್ಚಿ, ಮೇಜು. ಒಬ್ಬ ಮನುಷ್ಯ ಹೊಕ್ಕು ಬಾಗಿಲು ಮುಚ್ಚಿದರೆ ದಿನಗಟ್ಟಲೆ ಅಲ್ಲೇ ಇರಬೇಕು. ಊಟ ಒಂದು ಕಿಂಡಿಯಿಂದ ಒಳಗೆ ಹೋಗುತ್ತಿತ್ತು, ಮಲಮೂತ್ರ ಹೊರಗೆ ಬರುತ್ತಿತ್ತು. ಎರಡನ್ನೂ ತೂಗಿ, ಪರೀಕ್ಷಿಸಿ, ಬರೆದಿಡುತ್ತಿದ್ದರು. ಒಳಗಿದ್ದವನು ಬಿಟ್ಟ ಉಸಿರಿಗೂ ಲೆಕ್ಕವಿತ್ತು. ಮೈಯಿಂದ ಹೊರಟ ಬಿಸಿಯನ್ನು ಕೊಳವೆಗಳಲ್ಲಿ ಹರಿಯುವ ತಣ್ಣೀರು ಹೀರಿಕೊಳ್ಳುತ್ತಿತ್ತು. ಎಷ್ಟು ನೀರು ಹರಿಯಿತು, ಅದು ಎಷ್ಟು ಡಿಗ್ರಿ ಬೆಚ್ಚಗಾಯಿತು ಎಂದು ನೋಡಿದರೆ ಆ ದೇಹ ಅಂದು ಎಷ್ಟು ಶಕ್ತಿ ಖರ್ಚು ಮಾಡಿತೆಂದು ತಿಳಿಯುತ್ತಿತ್ತು.

ಇದನ್ನು ಕಟ್ಟಿದವರು ಇಬ್ಬರು: ರಸಾಯನಶಾಸ್ತ್ರಜ್ಞ ವಿಲ್ಬರ್ ಆಟ್‌ವಾಟರ್ ಮತ್ತು ಭೌತಶಾಸ್ತ್ರಜ್ಞ ಎಡ್ವರ್ಡ್ ರೋಸಾ. ತಿಂದದ್ದಕ್ಕೂ ಖರ್ಚಾದದ್ದಕ್ಕೂ ಮನುಷ್ಯನ ದೇಹದಲ್ಲಿ ಲೆಕ್ಕ ತಾಳೆಯಾಗುತ್ತದೆಯೇ ಎಂಬುದು ಅವರ ಪ್ರಶ್ನೆ. ಇಂದು ವ್ಯಾಯಾಮ ಮಾಡಿ ದಿನಕ್ಕೆ ಇಷ್ಟು ಕ್ಯಾಲೊರಿ ಕೊರತೆ ಮಾಡಿಕೊಳ್ಳಬೇಕು ಎಂದು ಯಾರಾದರೂ ಲೆಕ್ಕ ಹಾಕಿದರೆ, ಆ ಲೆಕ್ಕದ ಬೇರು ಈ ಪೆಟ್ಟಿಗೆಯಲ್ಲಿದೆ. ಆದರೆ ಪೆಟ್ಟಿಗೆಯಲ್ಲಿ ಸಿಕ್ಕಿದ್ದು ಅರ್ಧ ಉತ್ತರ. ಉಳಿದರ್ಧಕ್ಕೆ ವಿಜ್ಞಾನ ಇನ್ನೊಂದು ನೂರು ವರ್ಷ ದುಡಿಯಬೇಕಾಯಿತು, ಮತ್ತು ಆ ದಾರಿ ಬಂಗಾಳದ ಒಂದು ಸೆಣಬಿನ ಗಿರಣಿಯನ್ನೂ ಹಾದುಹೋಯಿತು.

ಆಟ್‌ವಾಟರ್‌ಗಿಂತ ಮುಂಚೆಯೇ ಬುನಾದಿ ಬಿದ್ದಿತ್ತು. ಪ್ಯಾರಿಸ್ಸಿನಲ್ಲಿ ಆಂಟನಿ ಲವಾಸಿಯೆ 1780ರ ದಶಕದಲ್ಲಿ ಗಿನಿ ಹಂದಿಯೊಂದನ್ನು ಮಂಜುಗಡ್ಡೆಯ ಪಾತ್ರೆಯಲ್ಲಿಟ್ಟು, ಅದರ ಮೈಬಿಸಿಗೆ ಕರಗಿದ ನೀರನ್ನು ಅಳೆದು, ಉಸಿರಾಟವೂ ಒಂದು ಬಗೆಯ ನಿಧಾನದ ಉರಿಯುವಿಕೆ ಎಂದು ತೋರಿಸಿದ್ದರು. ಆಮೇಲೆ ಆರ್ಮಾಂಡ್ ಸೆಗ್ವಿನ್ ಎಂಬ ಸಹಾಯಕ ತನ್ನ ಮೈಯನ್ನೇ ಪ್ರಯೋಗಕ್ಕೆ ಒಡ್ಡಿಕೊಂಡರು. ಮುಖಕ್ಕೆ ಮುಖವಾಡ ಕಟ್ಟಿಕೊಂಡು, ಕಾಲಿನಿಂದ ಭಾರ ಎತ್ತುತ್ತಾ ಉಸಿರಾಡಿದರು. ಸುಮ್ಮನೆ ಕುಳಿತಿರುವಾಗಿಗಿಂತ ದುಡಿಯುವಾಗ ಎಷ್ಟೋ ಹೆಚ್ಚು ಆಮ್ಲಜನಕ ಬೇಕಾಗುತ್ತದೆ ಎಂದು ಅಳತೆಯಿಂದ ತಿಳಿದದ್ದು ಆಗ. ಲವಾಸಿಯೆ ಅವರ ಹೆಂಡತಿ ಮೇರಿ ಆನ್ ಈ ಪ್ರಯೋಗದ ಚಿತ್ರ ಬರೆದಿದ್ದಾರೆ. ಮೇಜಿನ ಮುಂದೆ ಕುಳಿತು ಅಂಕಿಅಂಶ ಬರೆದುಕೊಳ್ಳುತ್ತಿರುವ ತಮ್ಮನ್ನೂ ಅದರಲ್ಲಿ ಸೇರಿಸಿದ್ದಾರೆ. ಸರಿಯಾಗಿಯೇ ಮಾಡಿದರು, ಆ ಕೆಲಸದಲ್ಲಿ ಅವರ ಪಾಲು ಸಣ್ಣದಲ್ಲ. 1794ರ ಮೇ 8ರಂದು ಕ್ರಾಂತಿಕಾರಿ ಸರ್ಕಾರ ಲವಾಸಿಯೆ ಅವರ ತಲೆ ಕಡಿಸಿತು, ಕೆಲಸ ಅಲ್ಲಿಗೆ ನಿಂತಿತು.

ದುಡಿಯುವಾಗ ಉರಿಯುವುದು ಏನು? 19ನೇ ಶತಮಾನದ ನಡುಭಾಗದಲ್ಲಿ ಜರ್ಮನಿಯ ದೊಡ್ಡ ರಸಾಯನಶಾಸ್ತ್ರಜ್ಞ ಲೀಬಿಗ್, ಸ್ನಾಯು ತನ್ನದೇ ಪ್ರೋಟೀನನ್ನು ಸುಟ್ಟುಕೊಂಡು ದುಡಿಯುತ್ತದೆ ಎಂದು ನಂಬಿದ್ದರು. ಅವರ ಮಾತಿಗೆ ಎದುರಾಡುವವರು ಕಡಿಮೆ. 1865ರಲ್ಲಿ ಜ್ಯೂರಿಕ್‌ನ ಇಬ್ಬರು ಪ್ರಾಧ್ಯಾಪಕರು, ಅಡಾಲ್ಫ್ ಫಿಕ್ ಮತ್ತು ಯೊಹಾನೆಸ್ ವಿಸ್ಲಿಸೆನಸ್, ಇದನ್ನು ಬೆಟ್ಟ ಹತ್ತಿಯೇ ನೋಡೋಣ ಎಂದು ಹೊರಟರು. ಹಿಂದಿನ ದಿನದಿಂದಲೇ ಪ್ರೋಟೀನ್ ಬಿಟ್ಟು, ಗಂಜಿಹಿಟ್ಟನ್ನು ಕೊಬ್ಬಿನಲ್ಲಿ ಕರಿದ ರೊಟ್ಟಿಯಂಥದ್ದನ್ನು ತಿಂದು, ಸ್ವಿಟ್ಜರ್ಲೆಂಡಿನ ಬ್ರಿಯೆಂಜ್ ಸರೋವರದ ದಡದಿಂದ ಫೌಲ್‌ಹಾರ್ನ್ ಶಿಖರ ಹತ್ತಿದರು. ಸುಮಾರು 1,950 ಮೀಟರ್ ಏರು. ದಾರಿಯುದ್ದಕ್ಕೂ ತಮ್ಮ ಮೂತ್ರ ಶೇಖರಿಸಿ ಅದರಲ್ಲಿದ್ದ ಸಾರಜನಕ ಅಳೆದರು. ಸುಟ್ಟ ಪ್ರೋಟೀನ್ ಎಷ್ಟು ಕಡಿಮೆಯಿತ್ತೆಂದರೆ, ಅವರ ಮೈಭಾರವನ್ನು ಮೇಲಕ್ಕೆತ್ತಲೂ ಅದು ಸಾಲುತ್ತಿರಲಿಲ್ಲ. ಪ್ರೋಟೀನಿನಿಂದ ಎಷ್ಟು ಶಕ್ತಿ ಬರುತ್ತದೆಂದು ಅಳೆದುಕೊಟ್ಟವರು ಇಂಗ್ಲೆಂಡಿನಲ್ಲಿದ್ದ ಫಿಕ್ ಅವರ ಭಾವ ಎಡ್ವರ್ಡ್ ಫ್ರಾಂಕ್‌ಲ್ಯಾಂಡ್. ಬೆಟ್ಟ ಹತ್ತಿಸಿದ್ದು ಪಿಷ್ಟ ಮತ್ತು ಕೊಬ್ಬು. ನಡೆದರೆ ಕೊಬ್ಬು ಕರಗುತ್ತದೆ ಎಂದು ನಾವು ಇಂದು ಸಲೀಸಾಗಿ ಹೇಳುವ ಮಾತಿಗೆ ಆಧಾರ ಸಿಕ್ಕಿದ್ದು ಅಲ್ಲಿಂದ.

ಮತ್ತೆ ಮಿಡಲ್‌ಟೌನಿಗೆ ಬರೋಣ. ಆಟ್‌ವಾಟರ್ ತಮ್ಮ ಪೆಟ್ಟಿಗೆಯೊಳಗೆ ನಿಂತಲ್ಲೇ ತುಳಿಯುವ ಸೈಕಲ್ ಒಂದನ್ನು ಇಡಿಸಿದರು. ತುಳಿದ ಶಕ್ತಿ ಸಣ್ಣ ಡೈನಮೊ ತಿರುಗಿಸುತ್ತಿತ್ತು, ಹಾಗಾಗಿ ಮಾಡಿದ ಕೆಲಸವನ್ನು ವಿದ್ಯುತ್ತಾಗಿ ಅಳೆಯಬಹುದಿತ್ತು. ವಿಶ್ರಾಂತಿಯ ದಿನಗಳಲ್ಲಿ ಒಳಗಿದ್ದವರ ಖರ್ಚು ಎರಡು ಸಾವಿರ ಚಿಲ್ಲರೆ ಕ್ಯಾಲೊರಿ. ದಿನಕ್ಕೆ ಎಂಟು ಗಂಟೆ ಸೈಕಲ್ ತುಳಿದ ಗಟ್ಟಿಗನೊಬ್ಬನ ಖರ್ಚು ಐದು ಸಾವಿರದ ಆಸುಪಾಸಿಗೆ ಏರಿತು. ಒಳಗೆ ಹೋದ ಶಕ್ತಿಗೂ ಹೊರಗೆ ಬಂದ ಶಕ್ತಿಗೂ ಇದ್ದ ವ್ಯತ್ಯಾಸ, ಎಲ್ಲ ಪ್ರಯೋಗಗಳ ಸರಾಸರಿ ತೆಗೆದಾಗ, ನೂರಕ್ಕೆ ಒಂದಕ್ಕಿಂತಲೂ ಕಡಿಮೆ. ಸ್ನಾಯುವಿನ ಜಮಾಖರ್ಚೂ ಬಯಲಾಯಿತು: ಸುಟ್ಟ ಶಕ್ತಿಯಲ್ಲಿ ಹೆಚ್ಚೆಂದರೆ ಕಾಲುಭಾಗ ಕೆಲಸವಾಗುತ್ತದೆ, ಉಳಿದದ್ದು ಬಿಸಿ. ಓಡುವಾಗ ಬೆವರುವುದು ಅದಕ್ಕೇ.

ಪಿಷ್ಟ ಮತ್ತು ಪ್ರೋಟೀನಿಗೆ ಗ್ರಾಮಿಗೆ 4 ಕ್ಯಾಲೊರಿ, ಕೊಬ್ಬಿಗೆ 9 ಎಂದು ಬಿಸ್ಕತ್ ಪೊಟ್ಟಣಗಳ ಹಿಂದೆ ಇಂದಿಗೂ ಬಳಕೆಯಾಗುವ ಗುಣಕಗಳು ಆಟ್‌ವಾಟರ್ ಅವರವು. ತಿಂದದ್ದರಲ್ಲಿ ಜೀರ್ಣವಾಗದೆ ಹೋಗುವ ಪಾಲನ್ನೂ ಅವರು ಕಳೆದಿದ್ದರು. ಒಂದು ದೊಡ್ಡ ಚಮಚ ಎಣ್ಣೆ, ಅಂದರೆ ಸುಮಾರು 14 ಗ್ರಾಂ, 126 ಕ್ಯಾಲೊರಿ ಎನ್ನುವುದು ಈ ಗುಣಕದ ಫಲ. ಇದರ ಪಕ್ಕದಲ್ಲಿ ಇನ್ನೊಂದು ಅಂಕಿಯನ್ನು ಇಟ್ಟು ನೋಡಬೇಕು. 1963ರಲ್ಲಿ ಇಟಲಿಯ ರೊಡಾಲ್ಫೊ ಮಾರ್ಗಾರಿಯಾ ಮತ್ತು ಸಂಗಡಿಗರು, ಓಡುವವರು ಮೈತೂಕದ ಪ್ರತಿ ಕಿಲೊಗೆ, ಪ್ರತಿ ಕಿಲೊಮೀಟರಿಗೆ ಸುಮಾರು 1 ಕ್ಯಾಲೊರಿ ಖರ್ಚು ಮಾಡುತ್ತಾರೆ, ವೇಗ ಹೆಚ್ಚಾದರೂ ಕಡಿಮೆಯಾದರೂ ಅದು ಹೆಚ್ಚು ಬದಲಾಗದು ಎಂದು ಕಂಡರು. ನಡಿಗೆಗೆ ಹೆಚ್ಚುಕಡಿಮೆ ಅದರ ಅರ್ಧ. ಹಾಗಾದರೆ 60 ಕಿಲೊ ತೂಕದವರು ಆ ಒಂದು ಚಮಚ ಎಣ್ಣೆಗೆ ನಾಲ್ಕು ಕಿಲೊಮೀಟರಿಗಿಂತ ಸ್ವಲ್ಪ ಹೆಚ್ಚೇ ನಡೆಯಬೇಕು.

ಈ ಬಗೆಯ ಲೆಕ್ಕ ಹಾಕಿಯೇ 20ನೇ ಶತಮಾನದ ಮೊದಲರ್ಧದ ಅನೇಕ ವೈದ್ಯರು ತೂಕ ಇಳಿಸಲು ವ್ಯಾಯಾಮ ದಂಡ ಎಂದು ತೀರ್ಮಾನಿಸಿದರು. ಇಷ್ಟು ದೂರ ನಡೆದು ಇಷ್ಟೇ ಕರಗುವುದಾದರೆ ನಡೆಯುವುದೇಕೆ, ಮೇಲಾಗಿ ನಡೆದವನಿಗೆ ಹಸಿವೂ ಹೆಚ್ಚುತ್ತದಲ್ಲ, ಎಂಬುದು ಅವರ ವಾದ. 1958ರಲ್ಲಿ ಅಮೆರಿಕದ ವೈದ್ಯ ಮ್ಯಾಕ್ಸ್ ವಿಶ್ನೋಫ್‌ಸ್ಕಿ ಒಂದು ಪೌಂಡ್ ತೂಕಕ್ಕೆ 3,500 ಕ್ಯಾಲೊರಿ ಎಂದು ಲೆಕ್ಕ ಕೊಟ್ಟರು. ಕಿಲೊಗೆ ಹೇಳುವುದಾದರೆ ಸುಮಾರು 7,700. ಅಂಕಿ ಸರಳವಾಗಿತ್ತು, ಪುಸ್ತಕಗಳಲ್ಲಿ ನೆಲೆಯೂರಿತು. ದಿನಕ್ಕೆ 500 ಕ್ಯಾಲೊರಿ ಕೊರತೆ ಮಾಡಿದರೆ ವಾರಕ್ಕೆ ಒಂದು ಪೌಂಡ್ ಎಂಬ ಭರವಸೆ ಹುಟ್ಟಿದ್ದು ಇದರಿಂದ.

ವ್ಯಾಯಾಮ ದಂಡ ಎನ್ನುವುದನ್ನು ಒಪ್ಪದವರಲ್ಲಿ ಜೀನ್ ಮೇಯರ್ ಮುಖ್ಯರು. ಪ್ಯಾರಿಸ್ಸಿನಲ್ಲಿ ಹುಟ್ಟಿ, ಎರಡನೇ ಮಹಾಯುದ್ಧದಲ್ಲಿ ಫ್ರಾನ್ಸಿನ ಪರ ಹೋರಾಡಿ, ಹಾರ್ವರ್ಡಿನಲ್ಲಿ ಪೋಷಣಾ ವಿಜ್ಞಾನ ಕಲಿಸುತ್ತಿದ್ದವರು. 1954ರಲ್ಲಿ ಅವರು ಇಲಿಗಳನ್ನು ಓಡಿಸಿ ನೋಡಿದ್ದರು. ದಿನಕ್ಕೆ ಒಂದು ಗಂಟೆಯ ಒಳಗೆ ಓಡಿದ ಇಲಿಗಳು ಸುಮ್ಮನಿದ್ದ ಇಲಿಗಳಿಗಿಂತ ಹೆಚ್ಚು ತಿನ್ನಲಿಲ್ಲ. ತುಸು ಕಡಿಮೆಯೇ ತಿಂದವು. ಅದಕ್ಕೂ ಹೆಚ್ಚು ಓಡಿಸಿದಾಗ ಮಾತ್ರ ತಿನ್ನುವುದು ಏರಿತು. ಮನುಷ್ಯರಲ್ಲಿ ಹೀಗೇ ಇದೆಯೇ ಎಂದು ನೋಡಬೇಕಾದರೆ ಒಂದೇ ಕಡೆ ಇರುವ, ಆದರೆ ಕುಳಿತ ಕೆಲಸದಿಂದ ಬೆನ್ನು ಮುರಿಯುವ ಕೆಲಸದವರೆಗೆ ಎಲ್ಲ ಬಗೆಯ ದುಡಿಮೆಯೂ ಇರುವ ಜನ ಬೇಕು.

ಅಂಥವರು ಸಿಕ್ಕಿದ್ದು ಹೂಗ್ಲಿ ನದಿಯ ದಡದಲ್ಲಿ, ಪಶ್ಚಿಮ ಬಂಗಾಳದ ಚೆಂಗೈಲ್‌ನ ಲಡ್ಲೋ ಸೆಣಬಿನ ಗಿರಣಿಯಲ್ಲಿ. ಮೇಯರ್ ಮತ್ತು ಅವರ ಸಹಲೇಖಕರಾದ ರಾಯ್, ಮಿತ್ರ ಅವರು 213 ಮಂದಿಯ ಊಟ, ತೂಕ, ಕೆಲಸ ಮೂರನ್ನೂ ದಾಖಲಿಸಿದರು. ಇಡೀ ದಿನ ಅಂಗಡಿಯಲ್ಲಿ ಕುಳಿತಿರುವ ಬಜಾರಿನ ವ್ಯಾಪಾರಿಗಳು, ಮೇಲ್ವಿಚಾರಕರು, ಗುಮಾಸ್ತರು, ಮೆಕ್ಯಾನಿಕ್‌ಗಳು, ನೇಕಾರರು, ಕಲ್ಲಿದ್ದಲು ಹೊರುವವರು, ಬೂದಿ ಹೊರುವವರು. ಗುಮಾಸ್ತರಲ್ಲೂ ಕೆಲಸಕ್ಕೆ ದೂರದಿಂದ ನಡೆದು ಬರುವವರನ್ನು ಬೇರೆಯಾಗಿ ಎಣಿಸಿದರು. 1956ರಲ್ಲಿ ಫಲಿತಾಂಶ ಪ್ರಕಟವಾಯಿತು. ಮಧ್ಯಮ ಕೆಲಸದಿಂದ ಭಾರಿ ಕೆಲಸದವರೆಗೆ ನೋಡಿದರೆ, ದುಡಿಮೆ ಏರಿದಂತೆ ಊಟವೂ ಏರಿತ್ತು, ತೂಕ ಒಂದೇ ಮಟ್ಟದಲ್ಲಿತ್ತು. ಇದು ನಿರೀಕ್ಷಿಸಿದ್ದೇ. ಬೆರಗು ಇದ್ದದ್ದು ಇನ್ನೊಂದು ತುದಿಯಲ್ಲಿ. ಕುಳಿತಿರುವವರ ಊಟ ಕಡಿಮೆಯಾಗಿರಲಿಲ್ಲ. ಅಂಗಡಿಯಲ್ಲಿ ಕುಳಿತವರು ಭಾರ ಹೊರುವವರಷ್ಟೇ ತಿನ್ನುತ್ತಿದ್ದರು, ತೂಕವೂ ಅವರದೇ ಹೆಚ್ಚು.

ಈ ಅಧ್ಯಯನ ನನಗೆ ಬಹಳ ಹಿಡಿಸುತ್ತದೆ. ಪಶ್ಚಿಮದ ಪ್ರಯೋಗಾಲಯಗಳು ಬಹುಪಾಲು ಕಾಲೇಜು ಹುಡುಗರನ್ನು ಅಳೆಯುತ್ತಿದ್ದ ಕಾಲದಲ್ಲಿ, ತಲೆಯ ಮೇಲೆ ಕಲ್ಲಿದ್ದಲು ಹೊತ್ತವರ ಊಟ ವಿಜ್ಞಾನದ ಪುಟಕ್ಕೆ ಬಂತು. ಅವರ ಹೆಸರುಗಳು ಯಾವ ಪುಟದಲ್ಲೂ ಇಲ್ಲ. ಹಾಗೆಂದು ಇದರಿಂದ ಎಲ್ಲ ತೀರ್ಮಾನವಾಯಿತು ಎನ್ನಲಾಗದು. ಆ ಗಿರಣಿಯಲ್ಲಿ ಯಾರಿಗೂ ಹೊಸದಾಗಿ ವ್ಯಾಯಾಮ ಮಾಡಿಸಿರಲಿಲ್ಲ, ಇದ್ದದ್ದನ್ನು ಇದ್ದಂತೆ ಅಳೆದಿದ್ದರು ಅಷ್ಟೆ. ಅಂಗಡಿಯವನಿಗೂ ಹೊರೆಯಾಳಿಗೂ ಕೂಲಿ ಬೇರೆ, ಬದುಕು ಬೇರೆ. ಕುಳಿತದ್ದರಿಂದಲೇ ಹಸಿವಿನ ಅಳತೆ ತಪ್ಪಿತೇ ಎಂಬುದಕ್ಕೆ ಬೇರೆಯೇ ಪ್ರಯೋಗ ಬೇಕಿತ್ತು.

ಅದು ಬಂದದ್ದು ಕೆನಡಾದಿಂದ, ಎರಡು ಕಂತಿನಲ್ಲಿ. ಕ್ವಿಬೆಕ್‌ನ ಲಾವಾಲ್ ವಿಶ್ವವಿದ್ಯಾಲಯದ ಕ್ಲಾಡ್ ಬುಶಾರ್ಡ್ ಏಳು ಜೊತೆ ತದ್ರೂಪಿ ಅವಳಿ ಯುವಕರನ್ನು ಒಟ್ಟುಗೂಡಿಸಿದರು. 93 ದಿನ, ಹತ್ತರಲ್ಲಿ ಒಂಬತ್ತು ದಿನ, ದಿನಕ್ಕೆ ಎರಡು ಸಲ ಸೈಕಲ್. ಊಟ ಮಾತ್ರ ಮೊದಲಿನಷ್ಟೇ, ಒಂದು ತುತ್ತು ಹೆಚ್ಚಿಲ್ಲ, ಕಡಿಮೆಯಿಲ್ಲ. ಒಟ್ಟು ಕೊರತೆ ಸುಮಾರು 58,000 ಕ್ಯಾಲೊರಿ. 7,700ರ ಲೆಕ್ಕದಲ್ಲಿ ಏಳೂವರೆ ಕಿಲೊ ಇಳಿಯಬೇಕು. ಇಳಿದದ್ದು ಸರಾಸರಿ 5 ಕಿಲೊ, ಬಹುತೇಕ ಎಲ್ಲವೂ ಕೊಬ್ಬು. ಸರಾಸರಿಯ ಹಿಂದೆ ಅಡಗಿದ್ದ ಅಂಕಿ ಇನ್ನೂ ಮುಖ್ಯ: ಒಬ್ಬನಿಗೆ 1 ಕಿಲೊ ಇಳಿದರೆ ಇನ್ನೊಬ್ಬನಿಗೆ 8 ಕಿಲೊ. ಅಣ್ಣನಿಗೆ ಹೆಚ್ಚು ಇಳಿದಿದ್ದರೆ ಅವನ ಅವಳಿ ತಮ್ಮನಿಗೂ ಹೆಚ್ಚು, ಅಣ್ಣನಿಗೆ ಕಡಿಮೆಯಾದರೆ ತಮ್ಮನಿಗೂ ಕಡಿಮೆ. ಒಂದೇ ಬೆವರಿಗೆ ಎಲ್ಲ ದೇಹಗಳೂ ಒಂದೇ ಕೂಲಿ ಕೊಡುವುದಿಲ್ಲ, ಅದರಲ್ಲಿ ಹುಟ್ಟಿನ ಪಾಲು ದೊಡ್ಡದು ಎಂದು 1994ರಲ್ಲಿ ಪ್ರಕಟವಾದ ಈ ಪ್ರಯೋಗ ತೋರಿಸಿತು. ಪಕ್ಕದ ಮನೆಯವರು ಆರು ಕಿಲೊ ಇಳಿಸಿದರು, ನಾನು ಎರಡೇ, ನನ್ನಲ್ಲೇ ಏನೋ ಕೊರತೆ ಎಂದು ನೊಂದುಕೊಳ್ಳುವವರು ಇದನ್ನು ತಿಳಿದಿರಬೇಕು.

ಎರಡನೆಯದು ಒಂಟಾರಿಯೊದ ಕಿಂಗ್‌ಸ್ಟನ್‌ನಲ್ಲಿರುವ ಕ್ವೀನ್ಸ್ ವಿಶ್ವವಿದ್ಯಾಲಯದ್ದು. ರಾಬರ್ಟ್ ರಾಸ್ ಮತ್ತು ಸಂಗಡಿಗರು ಬೊಜ್ಜಿನ 52 ಗಂಡಸರನ್ನು ಗುಂಪುಗಳಾಗಿ ಮಾಡಿದರು. ಒಂದು ಗುಂಪಿಗೆ ದಿನಕ್ಕೆ 700 ಕ್ಯಾಲೊರಿ ಊಟ ಕಡಿತ. ಇನ್ನೊಂದು ಗುಂಪಿಗೆ ಊಟ ಹಾಗೆಯೇ, ಆದರೆ ಪ್ರತಿದಿನ 700 ಕ್ಯಾಲೊರಿ ಕರಗುವವರೆಗೂ ಟ್ರೆಡ್‌ಮಿಲ್ ಮೇಲೆ ನಡಿಗೆ ಅಥವಾ ಓಟ. ಮೂರನೆಯ ಗುಂಪಿಗೆ ಅದೇ ವ್ಯಾಯಾಮ, ಆದರೆ ಕರಗಿಸಿದಷ್ಟನ್ನೂ ತಿಂದು ತುಂಬಿಸಿಕೊಳ್ಳಬೇಕು. ನಾಲ್ಕನೆಯದು ಹೋಲಿಕೆಗೆ, ಏನೂ ಬದಲಿಸದ ಗುಂಪು. ಮೂರು ತಿಂಗಳಾಯಿತು. ಊಟ ಕಡಿತ ಮಾಡಿದವರೂ ಏಳೂವರೆ ಕಿಲೊ ಇಳಿದರು, ನಡೆದವರೂ ಏಳೂವರೆ ಕಿಲೊ ಇಳಿದರು. ಊಟ ಕಡಿತ ಮಾಡಿದವರಿಗೆ ಹೋಲಿಸಿದರೆ, ನಡೆದವರಲ್ಲಿ ಒಂದು ಕಿಲೊಗಿಂತ ತುಸು ಹೆಚ್ಚೇ ಕೊಬ್ಬು ಹೆಚ್ಚುವರಿಯಾಗಿ ಕರಗಿತ್ತು. 2000ದಲ್ಲಿ ಪ್ರಕಟವಾದ ಈ ಫಲಿತಾಂಶದೊಂದಿಗೆ ದಂಡ ಎಂಬ ಹಳೆಯ ಮಾತಿಗೆ ಉತ್ತರ ಸಿಕ್ಕಿತು. ವ್ಯಾಯಾಮದಿಂದ ದಿನದಿನದ ಕೊರತೆ ಮಾಡಬಹುದು, ತೂಕ ಇಳಿಸಬಹುದು. ಷರತ್ತು ಒಂದೇ: ತಟ್ಟೆ ದೊಡ್ಡದಾಗಬಾರದು.

ಆ ಷರತ್ತನ್ನು ತೆಗೆದುಬಿಟ್ಟರೆ? ಅಮೆರಿಕದ ಕಾನ್ಸಸ್‌ನಲ್ಲಿ ಜೋಸೆಫ್ ಡಾನೆಲಿ ಅವರ ತಂಡ ಅದನ್ನೂ ನೋಡಿತು. ಊಟಕ್ಕೆ ಕಟ್ಟುಪಾಡಿಲ್ಲ. ವ್ಯಾಯಾಮ ಮಾತ್ರ ಕಣ್ಣೆದುರು, ವಾರಕ್ಕೆ ಐದು ದಿನ, ಹತ್ತು ತಿಂಗಳು. ಒಂದು ಗುಂಪು ಪ್ರತಿ ಸಲ 400 ಕ್ಯಾಲೊರಿ, ಇನ್ನೊಂದು 600. 2013ರ ವರದಿಯಂತೆ ಮೊದಲ ಗುಂಪು 3.9 ಕಿಲೊ ಇಳಿಯಿತು, ಎರಡನೆಯದು 5.2 ಕಿಲೊ. 400ರ ಗುಂಪಿಗೆ ಕಾಗದದ ಮೇಲಿನ ಲೆಕ್ಕ ಹತ್ತು ಕಿಲೊ ಮೀರುತ್ತದೆ. ಉಳಿದದ್ದು ಎಲ್ಲಿ ಹೋಯಿತು?

ಈ ಪ್ರಶ್ನೆಗೆ ಉತ್ತರ ಹುಡುಕಲು ಜನರನ್ನು ಪೆಟ್ಟಿಗೆಯಿಂದ ಹೊರಗೆ ಬಿಟ್ಟು ಅಳೆಯುವ ದಾರಿ ಬೇಕಿತ್ತು. ಆ ದಾರಿಯನ್ನು ಕಂಡವರು ಮಿನೆಸೋಟ ವಿಶ್ವವಿದ್ಯಾಲಯದ ನೇಥನ್ ಲಿಫ್ಸನ್. ನಾವು ಬಿಡುವ ಇಂಗಾಲದ ಡೈಆಕ್ಸೈಡಿನ ಆಮ್ಲಜನಕ ಮೈಯೊಳಗಿನ ನೀರಿನ ಆಮ್ಲಜನಕದೊಡನೆ ಬೆರೆತು ಸಮನಾಗುತ್ತದೆ ಎಂದು 1949ರಲ್ಲಿ ಅವರ ತಂಡ ಕಂಡಿತು. ಇದರಿಂದ ಒಂದು ಜಾಣ ಉಪಾಯ ಹೊಳೆಯಿತು. ಭಾರದ ಹೈಡ್ರೋಜನ್ ಮತ್ತು ಭಾರದ ಆಮ್ಲಜನಕ ಎರಡೂ ಇರುವ ನೀರು ಕುಡಿಸಿದರೆ, ಹೈಡ್ರೋಜನ್ ನೀರಾಗಿ ಮಾತ್ರ ಹೊರಬೀಳುತ್ತದೆ; ಆಮ್ಲಜನಕ ನೀರಾಗಿಯೂ ಉಸಿರಾಗಿಯೂ ಹೊರಬೀಳುತ್ತದೆ. ಮೂತ್ರದಲ್ಲಿ ಇವೆರಡೂ ಇಳಿಯುವ ವೇಗದ ಅಂತರವೇ ಉಸಿರಿನ ಲೆಕ್ಕ, ಉಸಿರಿನ ಲೆಕ್ಕವೇ ಶಕ್ತಿಯ ಲೆಕ್ಕ. 1955ರಲ್ಲಿ ಇಲಿಗಳಲ್ಲಿ ಇದು ಫಲಿಸಿತು. ಮನುಷ್ಯರಿಗೆ ಸಾಕಾಗುವಷ್ಟು ಭಾರದ ಆಮ್ಲಜನಕದ ಬೆಲೆ ಕೈಗೆಟುಕುವಂತಿರಲಿಲ್ಲ. ಸ್ವಲ್ಪವೇ ಬೆರೆಸಿದರೂ ಪತ್ತೆಹಚ್ಚುವ ಉಪಕರಣಗಳು ಬಂದ ಮೇಲೆ, 1982ರಲ್ಲಿ ಡೇಲ್ ಶೋಲರ್ ಅದನ್ನು ಮನುಷ್ಯರಲ್ಲಿ ಮಾಡಿ ತೋರಿಸಿದರು. ನೀರು ಕುಡಿದವರು ಮನೆಗೆ ಹೋಗಿ ಎಂದಿನಂತೆ ಬದುಕಿದರೆ ಸಾಕು, ಒಂದೆರಡು ವಾರದ ಪೂರಾ ಖರ್ಚು ಸಿಗುತ್ತದೆ.

ಹರ್ಮನ್ ಪಾಂಟ್ಜರ್ ಈ ನೀರನ್ನು ಟಾಂಜಾನಿಯಾದ ಹಾಡ್ಜಾ ಜನರ ಬಳಿಗೆ ಒಯ್ದರು. ಅವರು ಬೇಟೆಯಾಡಿ, ಗೆಡ್ಡೆ ಅಗೆದು, ಜೇನು ಕಿತ್ತು ಬದುಕುವವರು. ಅವರ ಗಂಡಸರು ದಿನಕ್ಕೆ ಹನ್ನೊಂದು ಕಿಲೊಮೀಟರಿಗೂ ಹೆಚ್ಚು ನಡೆಯುತ್ತಾರೆ, ಹೆಂಗಸರು ಆರರ ಹತ್ತಿರ. ಆದರೂ 2012ರಲ್ಲಿ ಪ್ರಕಟವಾದ ಅಂಕಿ ನೋಡಿದರೆ, ಮೈಗಾತ್ರವನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೆ ಅವರ ದಿನದ ಒಟ್ಟು ಖರ್ಚು ಕುರ್ಚಿಯಲ್ಲಿ ಕುಳಿತು ದುಡಿಯುವ ಅಮೆರಿಕನ್ನರಷ್ಟೇ ಇತ್ತು. 2016ರಲ್ಲಿ ಐದು ಜನಸಮೂಹಗಳ 332 ಮಂದಿಯನ್ನು ಅಳೆದಾಗಲೂ, ಚಟುವಟಿಕೆ ಒಂದು ಮಟ್ಟ ದಾಟಿದ ಮೇಲೆ ಒಟ್ಟು ಖರ್ಚು ಏರುವುದು ನಿಲ್ಲುವಂತೆ ಕಂಡಿತು. ಒಂದು ಕಡೆ ಖರ್ಚು ಹೆಚ್ಚಾದರೆ ದೇಹ ಇನ್ನೊಂದು ಕಡೆ ಹಿಡಿತ ಮಾಡುತ್ತದೆ ಎಂಬುದು ಪಾಂಟ್ಜರ್ ಅವರ ವಾದ. ಎಲ್ಲ ವಿಜ್ಞಾನಿಗಳೂ ಇದನ್ನು ಪೂರ್ತಿ ಒಪ್ಪಿಲ್ಲ, ಚರ್ಚೆ ನಡೆದೇ ಇದೆ. ನನಗೆ ಕಾಣುವಂತೆ, ವ್ಯಾಯಾಮ ವ್ಯರ್ಥ ಎಂದು ಇದರಿಂದ ಹೇಳುವುದು ಅವಸರ. ಕಿಂಗ್‌ಸ್ಟನ್ನಿನ ಏಳೂವರೆ ಕಿಲೊ ಸುಳ್ಳಲ್ಲ. ಆದರೆ ಯಂತ್ರ ತೋರಿಸುವ ಅಂಕಿಯಷ್ಟೂ ಕೊರತೆಯಾಗಿ ಉಳಿಯುತ್ತದೆ ಎಂದು ನಂಬುವುದು ಅದಕ್ಕಿಂತ ದೊಡ್ಡ ತಪ್ಪು.

ಈ ಕತೆಯಲ್ಲಿ ಬೆಂಗಳೂರಿನ ಪಾಲೂ ಇದೆ. ವಿಶ್ವಸಂಸ್ಥೆಯ ಸಂಸ್ಥೆಗಳು 1985ರಲ್ಲಿ ಕೊಟ್ಟ ಸೂತ್ರಗಳು, ಮನುಷ್ಯ ಸುಮ್ಮನೆ ಮಲಗಿದ್ದಾಗ ದೇಹಕ್ಕೆ ಎಷ್ಟು ಶಕ್ತಿ ಬೇಕೆಂದು ಲೆಕ್ಕ ಹಾಕುತ್ತಿದ್ದವು. ಅವುಗಳಿಗೆ ಆಧಾರ ಬಹುಪಾಲು ಯುರೋಪ್, ಅಮೆರಿಕದವರ ಅಳತೆ. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಪ್ರಕಾಶ್ ಶೆಟ್ಟಿ, ಮಾರಿಯೊ ಸೋರೆಸ್ ಮತ್ತು ಸಂಗಡಿಗರು ಭಾರತೀಯ ಗಂಡಸರನ್ನು ನೇರವಾಗಿ ಅಳೆದು, ಆ ಸೂತ್ರಗಳು ನಮ್ಮವರಿಗೆ ಹೆಚ್ಚು ತೋರಿಸುತ್ತವೆ ಎಂದು ಕಂಡು, 1993ರಲ್ಲಿ ಬೇರೆ ಸೂತ್ರ ಕೊಟ್ಟರು. ಮೊಬೈಲ್ ಆ್ಯಪ್ ನೋಡಿ ಕೊರತೆ ಲೆಕ್ಕ ಹಾಕುವವರಿಗೆ ಇದು ದೂರದ ವಿಷಯವಲ್ಲ. ಮಲಗಿದ್ದಾಗಿನ ಖರ್ಚನ್ನೇ ಹೆಚ್ಚು ಹಿಡಿದರೆ ಇಲ್ಲದ ಕೊರತೆ ಇದೆಯೆಂದು ಕಾಣುತ್ತದೆ. ಟ್ರೆಡ್‌ಮಿಲ್ಲಿನ ಪರದೆಯ ಅಂಕಿಯಲ್ಲೂ ಹೆಚ್ಚಾಗಿ, ಆ ಒಂದು ಗಂಟೆ ಸುಮ್ಮನೆ ಕುಳಿತಿದ್ದರೂ ಖರ್ಚಾಗುತ್ತಿದ್ದ ಅರವತ್ತೋ ಎಪ್ಪತ್ತೋ ಕ್ಯಾಲೊರಿ ಸೇರಿರುತ್ತದೆ.

ನಡಿಗೆ ಶುರುಮಾಡಿ ಎರಡು ತಿಂಗಳಾದರೂ ತಕ್ಕಡಿ ಅಲುಗದೆ ಬೇಸತ್ತವರಿಗೆ ಒಂದು ಮಾತು. ಕಿಂಗ್‌ಸ್ಟನ್ನಿನ ಮೂರನೆಯ ಗುಂಪಿನ ಫಲಿತಾಂಶವನ್ನು ಇನ್ನೂ ಹೇಳಿಲ್ಲ. ಕರಗಿಸಿದ 700 ಕ್ಯಾಲೊರಿಯನ್ನೂ ತಿಂದು ತುಂಬಿಸಿಕೊಂಡವರು ಅವರು; ನಿರೀಕ್ಷಿಸಿದಂತೆ ತೂಕ ಇಳಿಯಲಿಲ್ಲ. ಆದರೆ ಎಂಆರ್‌ಐ ಚಿತ್ರಗಳಲ್ಲಿ ಅವರ ಹೊಟ್ಟೆಯೊಳಗಿನ, ಅಂಗಾಂಗಗಳ ಸುತ್ತಲಿನ ಕೊಬ್ಬು ಕಡಿಮೆಯಾಗಿತ್ತು, ಹೃದಯ ಮತ್ತು ಶ್ವಾಸಕೋಶದ ಕಸುವು ಹೆಚ್ಚಿತ್ತು. ಹಾಗಾಗಿ ತೂಕ ನೋಡಿ ನಡಿಗೆ ನಿಲ್ಲಿಸಬೇಡಿ. ಸೊಂಟದ ಸುತ್ತಳತೆಯನ್ನೂ ಟೇಪಿನಲ್ಲಿ ಅಳೆದು ಬರೆದಿಡಿ. ತೂಕವೂ ಇಳಿಯಬೇಕೆಂದಿದ್ದರೆ ಅಡುಗೆಮನೆಯ ಎಣ್ಣೆಯ ಚಮಚದಿಂದ ಅಳತೆ ಶುರುಮಾಡಿ.